ಮೈಕ್ರೋಸ್ಕೋಪ್‌ಗಿಂತ ಐಸ್ ಜೊತೆನೇ ನಾನು ಜಾಸ್ತಿ ಒದ್ದಾಡಿದ್ದು

ಕ್ರಯೋ-ಇಎಂ, ಅಂದ್ರೆ ಸ್ಯಾಂಪಲ್‌ನ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡೋ ವಿಧಾನ, ಶುರು ಮಾಡಿದಾಗ ತಲೆಲಿ ಇದ್ದಿದ್ದು ಬರೀ ಆ 300 ಕಿಲೋವೋಲ್ಟ್ ಮಷೀನು, ಅದರ ಮುಂದೆ ಕೂತ್ರೆ ಪ್ರೋಟೀನ್ ರಚನೆ ಬಂದೇ ಬರುತ್ತೆ ಅಂತ ನಂಬಿದ್ದೆ. ಆದ್ರೆ ಮೊದಲ ಆರು ತಿಂಗಳು ಹೋಗಿದ್ದೆಲ್ಲ 3 ಮಿಲಿಮೀಟರ್ ಅಗಲದ ಗ್ರಿಡ್ ಹಿಂದೆ, ಅಂದ್ರೆ ಸ್ಯಾಂಪಲ್ ಹಿಡಿದಿಡೋ ಪುಟ್ಟ ಜಾಲರಿ ಹಿಂದೆ.

ಕೆಲಸ ಹೇಳೋಕೆ ಸುಲಭ. ತೂತು ತೂತಾಗಿರೋ ಕಾರ್ಬನ್ ಪದರದ ಮೇಲೆ 3 ಮೈಕ್ರೋಲೀಟರ್ ಸ್ಯಾಂಪಲ್ ಹಾಕಿ, ಫಿಲ್ಟರ್ ಪೇಪರ್‌ನಿಂದ ಹೀರಿಸಿ, ತಕ್ಷಣ ದ್ರವ ಈಥೇನ್‌ಗೆ ಮುಳುಗಿಸೋದು. ನೇರವಾಗಿ ಲಿಕ್ವಿಡ್ ನೈಟ್ರೋಜನ್‌ಗೇ ಹಾಕಿದ್ರೆ ಗ್ರಿಡ್ ಸುತ್ತ ಆವಿಯ ಪದರ ಕಟ್ಕೊಂಡು ತಣಿಯೋದು ನಿಧಾನ ಆಗುತ್ತೆ, ನೀರು ಹರಳುಗಟ್ಟುತ್ತೆ. ಈಥೇನ್‌ನಲ್ಲಿ ಹರಳಾಗೋಕೆ ಸಮಯನೇ ಸಿಗದೆ ಗಾಜಿನ ಥರ ನಿಂತುಬಿಡುತ್ತೆ. 1980ರ ದಶಕದ ಶುರುವಲ್ಲಿ ಜಾಕ್ ಡುಬೊಶೆ ತಂಡ ಇದನ್ನ ಸಾಧಿಸಿತ್ತು, 2017ರ ಕೆಮಿಸ್ಟ್ರಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ನನ್ನ ಮೊದಲ ಗ್ರಿಡ್‌ಗಳ ತುಂಬಾ ಐಸ್ ಹರಳು. ಈಥೇನ್ ಮೇಲೆ ಅನುಮಾನ ಪಟ್ಟೆ, ಬಫರ್ (ಪ್ರೋಟೀನ್ ಇರೋ ದ್ರಾವಣ) ಬದಲಾಯಿಸಿದೆ, ಕೊನೆಗೆ ನೋಡಿದ್ರೆ ಟ್ವೀಜರ್ ಮೊದಲೇ ತಣ್ಣಗೆ ಮಾಡ್ಕೊಳ್ತಾ ಇರ್ಲಿಲ್ಲ. ಗ್ರಿಡ್ ಸುಮಾರು ಮೈನಸ್ 137 ಡಿಗ್ರಿಗಿಂತ ಬೆಚ್ಚಗಾದ್ರೆ ಆ ಗಾಜು ಮತ್ತೆ ಹರಳಾಗುತ್ತೆ. ಉಸಿರಿನ ತೇವ ಕೂಡ ಹೋಗಿ ಕೂರುತ್ತೆ, ಹಾಗಾಗಿ ಮಾಸ್ಕ್ ಹಾಕ್ಕೊಂಡೇ ಮಾಡ್ತೀನಿ.

ನಿಜವಾದ ಕಷ್ಟ ಆಮೇಲೆ ಬಂತು. ಐಸ್ ಚೆನ್ನಾಗಿದೆ, ಪಾರ್ಟಿಕಲ್ (ಒಂದೊಂದು ಪ್ರೋಟೀನ್‌ನ ಚಿತ್ರ) ತುಂಬಾ ಇವೆ, 2ಡಿ ಕ್ಲಾಸ್, ಅಂದ್ರೆ ಒಂದೇ ಥರ ಕಾಣೋ ಪಾರ್ಟಿಕಲ್‌ಗಳನ್ನ ಗುಂಪು ಮಾಡಿ ತೆಗೆದ ಸರಾಸರಿ ಚಿತ್ರಗಳು, ನೋಡಿದ್ರೆ ಎಲ್ಲಾ ಒಂದೇ ಮುಖ! ಹೀರಿಸಿದ ಮೇಲೆ ಉಳಿಯೋ ನೀರಿನ ಪದರ ಬರೀ ಹತ್ತಾರು ನ್ಯಾನೋಮೀಟರ್, ಅದರಲ್ಲಿ ಪ್ರೋಟೀನ್ ಮತ್ತೆ ಮತ್ತೆ ಗಾಳಿ ತಾಗೋ ಮೇಲ್ಮೈಗೆ ಬಡಿದು ಒಂದೇ ಮಗ್ಗುಲಲ್ಲಿ ಅಂಟಿಕೊಳ್ಳುತ್ತೆ. ಸಾಫ್ಟ್‌ವೇರ್ ಒಳ್ಳೆ ರೆಸಲ್ಯೂಶನ್ ನಂಬರ್ ಕೊಡ್ತಾ ಇತ್ತು, ಆದ್ರೆ ಮ್ಯಾಪ್ (ಚಿತ್ರಗಳಿಂದ ಕಟ್ಟಿದ ಪ್ರೋಟೀನ್‌ನ 3ಡಿ ರೂಪ) ಒಂದು ದಿಕ್ಕಿಗೆ ಎಳೆದ ಹಾಗೆ ಇತ್ತು, ಪ್ರೋಟೀನ್‌ನ ಸುರುಳಿ ಭಾಗಗಳಾದ ಹೆಲಿಕ್ಸ್ ಅದರಲ್ಲಿ ಸರಿಯಾಗಿ ಕೂರ್ತಾನೇ ಇರ್ಲಿಲ್ಲ. ಎರಡು ವಾರ ಆ ನಂಬರ್ ನಂಬಿ ಕೂತಿದ್ದೆ, ಅದು ನನ್ನ ತಪ್ಪು.

ಬಿಡಿಸಿದ್ದು ಎರಡು ವಿಷಯ. ಫ್ರೀಜ್ ಮಾಡೋ ಮುಂಚೆ ಸ್ವಲ್ಪ ಡಿಟರ್ಜೆಂಟ್ ಸೇರಿಸಿದೆ, ಅದು ಮೇಲ್ಮೈನ ಮೊದಲೇ ಆಕ್ರಮಿಸಿಕೊಳ್ಳುತ್ತೆ. ಆದ್ರೆ ಆಗ ತೂತುಗಳೇ ಖಾಲಿ ಖಾಲಿ, ಪ್ರೋಟೀನ್ ಸಾಂದ್ರತೆ ಕೆಲವು ಪಟ್ಟು ಏರಿಸಬೇಕಾಯ್ತು. ಇನ್ನೊಂದು, ಮೈಕ್ರೋಸ್ಕೋಪ್‌ನಲ್ಲಿ ಗ್ರಿಡ್ ಕೂರಿಸೋ ಸ್ಟೇಜ್ 30 ಡಿಗ್ರಿ ಓರೆ ಮಾಡಿ ಒಂದಷ್ಟು ಡೇಟಾ ತಗೊಂಡೆ, ಐಸ್ ದಪ್ಪ ಕಾಣುತ್ತೆ, ಅಲುಗಾಟ ಜಾಸ್ತಿ, ಆದ್ರೂ ಸಿಗದೇ ಇದ್ದ ಮುಖಗಳು ಸಿಕ್ಕಿದ್ವು.

ಮೆಟೀರಿಯಲ್ಸ್ ಕಡೆ ಕೆಲಸ ಮಾಡೋ ಗೆಳೆಯನಿಗೆ ಇದನ್ನ ಹೇಳಿದಾಗ ಅವನ ಕಷ್ಟ ಪೂರ್ತಿ ಉಲ್ಟಾ. ಗ್ಯಾಲಿಯಂ ಅಯಾನ್ ಬೀಮ್‌ನಿಂದ ಮಿಶ್ರಲೋಹನ ತೆಳ್ಳಗೆ ಕೆತ್ತಿದಾಗ ಮೇಲ್ಪದರದ ಹರಳು ಹಾಳಾಗಿ ಅಸ್ತವ್ಯಸ್ತ ಆಗುತ್ತೆ, ಕೊನೆಗೆ ಕಡಿಮೆ ವೋಲ್ಟೇಜ್‌ನಲ್ಲಿ ಅದನ್ನ ಸವೆಸಿ ತೆಗೀತಾನೆ. ಅವನಿಗೆ ಹರಳು ಉಳೀಬೇಕು, ನನಗೆ ಹರಳೇ ಆಗಬಾರದು. ಅವನು ಒಂದೇ ಚಿತ್ರದಲ್ಲಿ ಪರಮಾಣುಗಳ ಸಾಲು ನೋಡಬಹುದು, ನಾನು ಚದರ ಆಂಗ್‌ಸ್ಟ್ರಮ್‌ಗೆ 40-50 ಎಲೆಕ್ಟ್ರಾನ್ ದಾಟಿದ್ರೆ ಪ್ರೋಟೀನ್ ಸುಟ್ಟೇ ಹೋಗುತ್ತೆ, ಅದಕ್ಕೇ ಲಕ್ಷಗಟ್ಟಲೆ ಪಾರ್ಟಿಕಲ್ ಸರಾಸರಿ ಮಾಡೋದು.

ಈಗ ಹೊಸ ಪ್ರೋಟೀನ್ ಬಂದ್ರೆ ಮೊದಲ ದಿನ ನಾಲ್ಕೇ ಗ್ರಿಡ್, ಎರಡಕ್ಕೆ ಡಿಟರ್ಜೆಂಟ್ ಹಾಕಿ, ಎರಡಕ್ಕೆ ಹಾಕದೆ. ಚಿಕ್ಕ ಮೈಕ್ರೋಸ್ಕೋಪ್‌ನಲ್ಲಿ ಸ್ವಲ್ಪ ಡೇಟಾ ತಗೊಂಡು 2ಡಿ ಕ್ಲಾಸ್‌ನಲ್ಲಿ ಎಷ್ಟು ಮುಖ ಕಾಣುತ್ತೆ ನೋಡ್ತೀನಿ, ಆಮೇಲೇ ದೊಡ್ಡ ಮಷೀನ್ ಟೈಮ್ ಕೇಳೋದು.