ಹುಡ್ಗಿಯರಿಗೆ ಝೀರೋ ಟಿಕೆಟ್, ಕೋಚಿಗೆ ಫುಲ್ ಟಿಕೆಟ್: ನಮ್ಮ ಲೀಗ್ ನಡೆಸಿದ ನನ್ನ ಅನುಭವ

ನಾನು ಕಾರವಾರದ ಹತ್ರ ಒಂದು ಹೈಸ್ಕೂಲಲ್ಲಿ ಪಿಇ ಮಾಸ್ತರ. ಹುಡ್ಗಿಯರ ಫುಟ್ಬಾಲ್ ಶುರು ಮಾಡ್ದಾಗ ನನ್ನ ಹತ್ರ ಹದಿನಾಲ್ಕು ಹುಡ್ಗಿಯರು, ಎರಡು ಬಾಲು, ಅದ್ರಲ್ಲೂ ಒಂದು ಸಂಜೆ ಪಂಪ್ ಹೊಡೆದ್ರೆ ಬೆಳಿಗ್ಗೆಗೆ ಚಪ್ಪೆ. ಗೋವಾ ಪಕ್ಕದಲ್ಲೇ ಇರೋದ್ರಿಂದ ನಮ್ಮಲ್ಲಿ ಫುಟ್ಬಾಲ್ ಹುಚ್ಚಿಗೇನೂ ಕಮ್ಮಿ ಇಲ್ಲ, ಆದ್ರೆ ಅದೆಲ್ಲ ಗಂಡುಹುಡ್ಗರಿಗೆ, ಹುಡ್ಗಿಯರು ಗ್ರೌಂಡಿನ ಕಟ್ಟೆ ಮೇಲೆ ಕೂತು ನೋಡೋರು ಅಷ್ಟೆ.

ಮೊದ್ಲೆರಡು ವರ್ಷ ನಾನೂ ಎಲ್ಲರ ಹಾಗೇ ಟೂರ್ನಮೆಂಟಿಗೆ ಕರ್ಕೊಂಡು ಹೋದೆ. ಒಂದಿನದ ಸೆವೆನ್ಸ್, ಅಂದ್ರೆ ಏಳೇಳು ಜನರ ಆಟ. ಬೆಳಿಗ್ಗೆ ಐದಕ್ಕೆ ಎದ್ದು, ಜಡೆ ಬಿಗಿಯಾಗಿ ಕಟ್ಕೊಂಡು, ಅವಲಕ್ಕಿ ತಿಂದು ಹೊರಟ್ರೆ ಮೊದ್ಲ ಮ್ಯಾಚ್ ಸೋತು ಹನ್ನೊಂದಕ್ಕೆಲ್ಲ ವಾಪಸ್ ಬಸ್ಸಲ್ಲಿ. ವರ್ಷಕ್ಕೆ ಎರಡು ಇಲ್ಲಾ ಮೂರು ಮ್ಯಾಚು, ಇಷ್ಟು ಆಡಿ ಯಾರಾದ್ರೂ ಪ್ಲೇಯರ್ ಆಗ್ತಾರಾ ಹೇಳಿ.

ಸಮಾಧಾನ ಅಂದ್ರೆ ದೇಶದ ಲೀಗ್ ಕಥೆನೂ ಹೀಗೇ ಇತ್ತು. ಇಂಡಿಯನ್ ವುಮೆನ್ಸ್ ಲೀಗ್ ಮೊದ್ಲ ಸೀಸನ್ 2016-17ರದ್ದು, ಫೈನಲ್ ರೌಂಡಿಗೆ ಆರು ಟೀಮು, ಎಲ್ಲಾ ದೆಲ್ಲಿಯ ಅಂಬೇಡ್ಕರ್ ಸ್ಟೇಡಿಯಂ ಒಂದ್ರಲ್ಲೇ, 2017ರ ಜನವರಿ 28ಕ್ಕೆ ಶುರುವಾಗಿ ಫೆಬ್ರವರಿ 14ಕ್ಕೆ ಮುಗೀತು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಕಪ್ ಗೆದ್ದಿದ್ದು. ಹೆಸ್ರು ಲೀಗ್, ಆದ್ರೆ ಹದಿನೆಂಟು ದಿನದ ಟೂರ್ನಮೆಂಟೇ ಅದು. ಆಮೇಲೂ ಶಿಲ್ಲಾಂಗ್, ಲುಧಿಯಾನ, ನಮ್ಮ ಬೆಂಗಳೂರು, ಭುವನೇಶ್ವರ, ಅಹಮದಾಬಾದ್ ಅಂತ ವರ್ಷಕ್ಕೊಂದು ಊರಲ್ಲಿ ಎಲ್ಲರನ್ನೂ ಸೇರಿಸಿ ಮುಗಿಸ್ತಿದ್ರು, ಮಧ್ಯೆ ಕೋವಿಡ್‌ಗೆ ಒಂದು ಸೀಸನ್ನೇ ಹೋಯ್ತು. 2023-24ರಲ್ಲಿ ಮೊದ್ಲ ಸಲ ಹೋಮ್-ಅವೇ (ಒಂದ್ಸಲ ನಮ್ಮೂರಲ್ಲಿ, ಒಂದ್ಸಲ ಅವರೂರಲ್ಲಿ ಆಡೋದು) ಮಾಡಿದ್ರು, ಏಳು ಟೀಮು, ಒಂದೊಂದಕ್ಕೂ ಹನ್ನೆರಡು ಮ್ಯಾಚು, ಒಡಿಶಾ ಎಫ್‌ಸಿ ಗೆದ್ತು. ಮುಂದಿನ ವರ್ಷ ಎಂಟು ಟೀಮು, ಹದಿನಾಲ್ಕು ಮ್ಯಾಚು, ಈಸ್ಟ್ ಬೆಂಗಾಲ್ ಗೆದ್ತು.

ಆ ಏಳು ಟೀಮಿನ ಫಿಕ್ಸ್ಚರ್ ನೋಡಿನೇ ನನಗೂ ತಲೇಲಿ ಹುಳ ಬಿಟ್ಟಂಗಾಯ್ತು. ನಾವೂ ಮಾಡ್ಬಹುದಲ್ಲ, ನಾಲ್ಕೇ ಟೀಮ್ ಇದ್ರೂ ಒಂದೊಂದಕ್ಕೆ ಆರು ಮ್ಯಾಚ್ ಸಿಗುತ್ತೆ. ಗೊತ್ತಿರೋ ಮಾಸ್ತರರಿಗೆಲ್ಲ ಫೋನ್ ಹಚ್ಚಿದೆ. ಕಾಳಿ ನದಿ ಆಚೆ ಸದಾಶಿವಗಡದ ಕಡೆಯಿಂದ ಒಂದು, ಅಂಕೋಲಾದಿಂದ ಒಂದು, ಹಳಿಯಾಳದಿಂದ ಒಂದು (ಅದ್ರಲ್ಲಿ ಅರ್ಧ ಸಿದ್ದಿ ಹುಡ್ಗಿಯರು, ಅವರ ಓಟ ನೋಡಿದ್ರೆ ನಮ್ಮೋರು ನಿಂತಂಗೆ ಕಾಣ್ತಾರೆ), ಮತ್ತೆ ನಾವು. ಹನ್ನೊಂದು ಹುಡ್ಗಿಯರು ಎಲ್ಲರ ಹತ್ರನೂ ಬರ್ತಿರ್ಲಿಲ್ಲ, ಹಾಗಾಗಿ ಒಂಬತ್ತು ಜನರ ಆಟ, ಇಪ್ಪತ್ತೈದು ನಿಮಿಷದ ಎರಡು ಹಾಫು, ಹದಿನೈದು ದಿನಕ್ಕೊಂದು ಭಾನುವಾರ.

ಇದು ಸಾಧ್ಯ ಆಗಿದ್ದು ಯಾವ ಸ್ಪಾನ್ಸರಿಂದನೂ ಅಲ್ಲ, ಬಸ್ಸಿಂದ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂತಲ್ಲ, ಹುಡ್ಗಿಯರಿಗೆಲ್ಲ ಸರ್ಕಾರಿ ಬಸ್ಸಲ್ಲಿ ಝೀರೋ ಟಿಕೆಟ್, ಹಳಿಯಾಳದವರ ಇಡೀ ಟೀಮು ಘಟ್ಟ ಇಳಿದು ಬರೋಕೆ ಖರ್ಚು ಅಂದ್ರೆ ಅವರ ಕೋಚ್ ಒಬ್ಬನ ಟಿಕೆಟ್ಟು ಅಷ್ಟೆ. ಕಂಡಕ್ಟರು ಆಧಾರ್ ಕಾರ್ಡ್ ಒಂದೊಂದೇ ನೋಡಿ ಟಿಕೆಟ್ ಹರಿಯೋದ್ರೊಳಗೆ ಎರಡು ಸ್ಟಾಪ್ ದಾಟಿರ್ತಿತ್ತು, ಬೈಸ್ಕೊಂಡಿದ್ದೂ ಉಂಟು.

ಹೋಮ್-ಅವೇ ಅಂದ್ರೆ ಎಂತ ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ಹಳಿಯಾಳದಲ್ಲಿ. ನಮ್ಮ ಪ್ರಾಕ್ಟೀಸೆಲ್ಲ ಇಳಿತದ ಹೊತ್ತಲ್ಲಿ ಸಮುದ್ರದ ದಂಡೆ ಮೇಲೆ. ನಮ್ಮ ಕೀಪರ್ ಮೀನುಗಾರರ ಮನೆ ಹುಡ್ಗಿ, ಉಸುಕಲ್ಲಿ ಎಡಕ್ಕೂ ಬಲಕ್ಕೂ ಹಾರಿ ಬೀಳೋಳು, ಒಂದು ಚೂರೂ ಹೆದ್ರಿಕೆ ಇಲ್ಲ. ಅಲ್ಲಿ ಗ್ರೌಂಡು ಕೆಂಪು ಮಣ್ಣು, ಕಲ್ಲಿನ ಥರ ಗಟ್ಟಿ. ಐದನೇ ನಿಮಿಷಕ್ಕೆ ಮಧ್ಯದಿಂದ ಯಾರೋ ಸುಮ್ನೆ ಎತ್ತಿ ಹೊಡೆದ ಬಾಲು, ಅವಳು ಉಸುಕಲ್ಲಿ ಮಾಡೋ ಅಭ್ಯಾಸದಂಗೆ ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ಕೈ ಒಡ್ಡಿದ್ಲು, ಬಾಲು ನೆಲಕ್ಕೆ ಬಿದ್ದು ಪುಟಿದು ಅವಳ ತಲೆ ಮೇಲಿಂದ ಗೋಲಿಗೆ ಹೋಯ್ತು. ಉಸುಕಲ್ಲಿ ಬಾಲು ಪುಟಿಯೋದೇ ಇಲ್ಲ, ನಾನು ಅದನ್ನ ಯೋಚನೆನೇ ಮಾಡಿರ್ಲಿಲ್ಲ, ತಪ್ಪು ನಂದೇ. ಮೊಣಕೈ ಬೇರೆ ಕಿತ್ತು ಬಂದಿತ್ತು. ಮುಂದಿನ ಸಲ ಅಣ್ಣನ ಹಳೇ ಸಾಕ್ಸ್ ತುದಿ ಕತ್ತರಿಸಿ ಮೊಣಕೈಗೆ ಏರಿಸ್ಕೊಂಡು ಬಂದ್ಲು. ಹಳಿಯಾಳದವರು ನಮ್ಮಲ್ಲಿಗೆ ಬಂದಾಗ ಉಲ್ಟಾ, ಹತ್ತು ನಿಮಿಷಕ್ಕೆ ಕಾಲು ಭಾರ ಆಗಿ ಓಟ ನಿಂತೋಯ್ತು.

ರೆಫ್ರಿ ಗಲಾಟೆ ಹೇಳ್ಲೇಬೇಕು. ಮೊದ್ಲ ಮ್ಯಾಚಿಗೆ ನಾನೇ ಸೀಟಿ ಊದಿದ್ದೆ, ಪೆನಾಲ್ಟಿ ನಮ್ಮ ಕಡೆಗೇ ಕೊಟ್ಟೆ, ಮುಗೀತು ಕಥೆ. ಆಮೇಲೆ ಆಡದೇ ಇರೋ ಟೀಮಿನ ಕೋಚು ಸೀಟಿ ಊದ್ಬೇಕು ಅಂತ ಮಾಡ್ಕೊಂಡ್ವಿ, ಈಗ ಬೈಗುಳ ನಾಲ್ಕೂ ಜನಕ್ಕೆ ಸಮ ಹಂಚಿಕೆ ಆಗ್ತಿದೆ.

ಕಾಗದದ ಕೆಲ್ಸನ ಮಾತ್ರ ಯಾರೂ ಹಗುರ ತಗೋಬೇಡಿ. ಅಫಿಶಿಯಲ್ ಆಗಿ ಆಡ್ಬೇಕಂದ್ರೆ ಎಐಎಫ್ಎಫ್‌ನ (ದೇಶದ ಫುಟ್ಬಾಲ್ ಸಂಸ್ಥೆ) ಸಿಆರ್‌ಎಸ್ ಅಂತ ಆನ್‌ಲೈನ್ ರಿಜಿಸ್ಟ್ರೇಶನ್ ಆಗಿರ್ಬೇಕು. ನಮ್ಮ ಬೆಸ್ಟ್ ವಿಂಗರ್‌ಗೆ ಬೆಂಗಳೂರಿನ ಒಂದು ಕ್ಲಬ್ಬಿಂದ ಟ್ರಯಲ್ಸಿಗೆ ಕರೆ ಬಂತು, ಜನನ ಪತ್ರದಲ್ಲಿ ಕೊಂಕಣಿ ಉಚ್ಚಾರದ ಹೆಸ್ರು, ಆಧಾರಲ್ಲಿ ಬೇರೆ ಸ್ಪೆಲಿಂಗು. ತಿದ್ದಿಸೋಕೆ ಆಫೀಸಿಂದ ಆಫೀಸಿಗೆ ಅಲೆದು ಮುಗಿಸೋದ್ರೊಳಗೆ ಆ ವರ್ಷದ ರಿಜಿಸ್ಟ್ರೇಶನ್ ತಾರೀಖು ದಾಟಿತ್ತು. ಈಗ ಹುಡ್ಗಿ ಟೀಮಿಗೆ ಸೇರಿದ ದಿನನೇ ಎರಡೂ ಕಾಗದ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡ್ತೀನಿ.

ಮನೆಯವರನ್ನ ಒಪ್ಪಿಸೋದು ಇನ್ನೊಂದು ಕೆಲ್ಸ. ಕೀಪರ್ ತಾಯಿ "ಮಾಸ್ತರೆ, ಇದ್ರಿಂದ ಅವ್ಳಿಗೆ ಎಂತ ಸಿಕ್ತದೆ?" ಅಂತ ನೇರ ಕೇಳಿದ್ರು. 2023ರಲ್ಲಿ ಎಐಎಫ್ಎಫ್ ಒಂದು ತೀರ್ಮಾನ ಮಾಡಿದೆ, ಟಾಪ್ ಕ್ಲಬ್ಬುಗಳು ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷದ ಕಾಂಟ್ರ್ಯಾಕ್ಟ್ ಕೊಡ್ಬೇಕು ಅಂತ, ಅದನ್ನ ಹೇಳಿದೆ. "ತಿಂಗ್ಳಿಗೆ ಎಷ್ಟಾತು?" ಇಪ್ಪತ್ತಾರು ಸಾವಿರದ ಮೇಲೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಎಲ್ಲರಿಗೂ ಸಿಗಲ್ಲ, ಅಲ್ಲಿವರೆಗೆ ಹೋಗೋರು ಬೆರಳೆಣಿಕೆ ಅಂತನೂ ಹೇಳ್ದೆ, ಸುಳ್ಳು ಆಸೆ ತೋರಿಸೋಕೆ ನನಗೆ ಮನಸ್ಸು ಬರಲ್ಲ. ಮುಂದಿನ ಭಾನುವಾರ ಮನೇಲಿದ್ದ ಹಳೇ ಮೀನಿನ ಬಲೆ ಹೊತ್ತು ತಂದ್ರು, "ಗೋಲಿಗೆ ಕಟ್ಟಿ, ಬಾಲು ಸಮುದ್ರಕ್ಕೆ ಹೋಗೂದಾದ್ರೂ ತಪ್ತದೆ" ಅಂತ.

ಈ ಸಲ ಮಳೆ ನಿಂತ್ಮೇಲೆ, ನವೆಂಬರಲ್ಲಿ ಶುರು. ಕುಮಟಾ, ಹೊನ್ನಾವರ ಕಡೆಯವರು ಯಾರಾದ್ರೂ ಐದನೇ ಟೀಮ್ ಕಟ್ಟೋರಿದ್ರೆ ಹೇಳಿ, ಐದಾದ್ರೆ ಒಂದೊಂದು ಟೀಮಿಗೆ ಎಂಟು ಮ್ಯಾಚ್ ಸಿಗುತ್ತೆ. ಗ್ರೌಂಡ್ ಎಂಥದ್ದಾದ್ರೂ ಅಡ್ಡಿಲ್ಲ, ಉಸುಕಾ ಮಣ್ಣಾ ಅಂತ ಮೊದ್ಲೇ ತಿಳಿಸಿ.