ಕರಾವಳಿಯ ರಸ್ತೆ, ಕ್ರೂಸರ್ ಬೈಕ್: ಹಿಂದಿನ ಶಾಕ್ ಬದಲಿಸಿದ ನನ್ನ ಅನುಭವ

ಕ್ರೂಸರ್ ಬೈಕಿನಲ್ಲಿ ಕುಳಿತವರಿಗೆ ಹಿಂದಿನ ಶಾಕ್ ಅಬ್ಸಾರ್ಬರ್ ಬಿಟ್ಟರೆ ಬೇರೆ ಆಸರೆಯಿಲ್ಲ. ಉಳಿದ ಬೈಕುಗಳಲ್ಲಿ ಗುಂಡಿ ಕಂಡೊಡನೆ ಫುಟ್‌ರೆಸ್ಟಿನ ಮೇಲೆ ಭಾರ ಹಾಕಿ ತುಸು ಎದ್ದರೆ ಸಾಕು, ಅರ್ಧ ಪೆಟ್ಟನ್ನು ಮೊಣಕಾಲೇ ನುಂಗುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಚಾಚಿರುತ್ತದೆ, ಏಳುವ ಮಾತೇ ಇಲ್ಲ. ಪೆಟ್ಟು ನೇರವಾಗಿ ಸೊಂಟಕ್ಕೆ. ಅದರ ಮೇಲೆ, ಸೀಟು ತಗ್ಗಿನಲ್ಲಿರಬೇಕೆಂಬ ಕಾರಣಕ್ಕೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡಲು ಸಿಗುವ ಜಾಗವೂ ಕಡಿಮೆ. ಆ ಅಲ್ಪ ಜಾಗವನ್ನು ಶಾಕ್ ಎಷ್ಟು ಚೆನ್ನಾಗಿ ಬಳಸಿಕೊಳ್ಳುತ್ತದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ನನ್ನದು ಹಿಂದೆ ಎರಡು ಶಾಕ್‌ಗಳಿರುವ 350 ಸಿಸಿ ಬೈಕ್. ಮನೆ ಉಡುಪಿಯಲ್ಲಿ, ಹೆಂಡತಿಯ ತವರು ಹೆಬ್ರಿಯ ಆಚೆ. ಮಣಿಪಾಲ, ಪರ್ಕಳ, ಹಿರಿಯಡಕ ದಾಟಿ ಹೆಬ್ರಿ, ಸೋಮೇಶ್ವರ, ಅಲ್ಲಿಂದ 14 ತಿರುವುಗಳ ಆಗುಂಬೆ ಘಾಟಿ: ಈ 169ಎ ಹೆದ್ದಾರಿ ನಮಗೆ ಮನೆಯಂಗಳವಿದ್ದ ಹಾಗೆ. ಒಬ್ಬನೇ ಹೋದರೆ ಹೇಗೋ ಆಗುತ್ತಿತ್ತು. ಇಬ್ಬರು ಕುಳಿತರೆ, ಅದರಲ್ಲೂ ಮಳೆಗಾಲ ಮುಗಿದ ಮೇಲಿನ ರಸ್ತೆಯಲ್ಲಿ, ದೊಡ್ಡ ಗುಂಡಿಗೆ ಚಕ್ರ ಇಳಿದೊಡನೆ ಹಿಂದಿನಿಂದ ‘ಠಕ್’ ಎಂಬ ಸದ್ದು, ಮರುಕ್ಷಣವೇ ಸೀಟು ನಮ್ಮಿಬ್ಬರನ್ನೂ ಮೇಲಕ್ಕೆ ಎಸೆಯುವುದು. “ಹಿರಿಯಡಕ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ ಮಾರಾಯರೇ, ಇನ್ನು ಬಸ್ಸಿನಲ್ಲೇ ಹೋಗುವ” ಎಂದಳು ಹೆಂಡತಿ. ಒಟ್ಟಿಗೆ ಸುತ್ತಾಡಲೆಂದೇ ಕೊಂಡ ಬೈಕಿದು. ಆ ಮಾತು ನನಗೆ ನಾಟಿತು.

‘ಶಾಕ್ ಗಟ್ಟಿ’ ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ‘ಠಕ್’ ಎಂದು ತಳ ಮುಟ್ಟುವುದು ಸ್ಪ್ರಿಂಗ್ ಮೆತ್ತಗಿರುವುದರ ಲಕ್ಷಣ, ಗಟ್ಟಿಯಾದುದರದ್ದಲ್ಲ. ಮೇಲಕ್ಕೆ ಎಸೆಯುವುದು ಇನ್ನೊಂದು ಕಾಯಿಲೆ: ಕುಗ್ಗಿದ ಸ್ಪ್ರಿಂಗ್ ಹಿಂದಿರುಗುವಾಗ ಅದನ್ನು ಒಳಗಿನ ಎಣ್ಣೆ ಹಿಡಿದು ನಿಧಾನಗೊಳಿಸುತ್ತಿಲ್ಲ, ಅಂದರೆ ರಿಬೌಂಡ್ ಡ್ಯಾಂಪಿಂಗ್ ಸಾಲದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡದೆ ಶಾಕ್ ಕೊಳ್ಳಲು ಹೊರಡಬಾರದು.

ಮೊದಲು ಖರ್ಚಿಲ್ಲದ ಕೆಲಸಗಳನ್ನು ಮುಗಿಸಿದೆ. ಟಯರ್ ತಣ್ಣಗಿರುವಾಗ ಗಾಳಿ ಪರೀಕ್ಷಿಸಿದೆ. ಶಾಕ್‌ನ ಮೇಲೆ ಮತ್ತು ಕೆಳಗೆ ಬೋಲ್ಟು ಹೊಗುವ ಕಣ್ಣುಗಳಲ್ಲಿರುವ ರಬ್ಬರ್ ಬುಷ್, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮ್‌ನ ಬುಷ್ ಎರಡನ್ನೂ ಅಲುಗಾಡಿಸಿ ನೋಡಿದೆ. ಎಲ್ಲವೂ ಸರಿಯಿತ್ತು. ಬಳಿಕ ಟೇಪು ಹಿಡಿದು ಅಳತೆಗೆ ಕುಳಿತೆ.

ಈ ಅಳತೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಇಡೀ ನಿರ್ಧಾರ ಇದರ ಮೇಲೆಯೇ ನಿಂತಿತ್ತು. ಬೈಕನ್ನು ಮೇನ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ನೆಲದಿಂದ ಎತ್ತಬೇಕು. ಆಕ್ಸಲ್‌ನ (ಚಕ್ರದ ಅಚ್ಚಿನ) ಮಧ್ಯದಿಂದ ನೇರ ಮೇಲಕ್ಕೆ, ಮಡ್‌ಗಾರ್ಡ್ ಮೇಲೆ ಅಂಟಿಸಿದ ಟೇಪಿನ ಗುರುತಿನವರೆಗೆ ಅಳೆಯಬೇಕು. ಆಮೇಲೆ ಚಕ್ರವನ್ನು ನೆಲಕ್ಕಿಳಿಸಿ ಬೈಕಿನ ಭಾರ ಮಾತ್ರ ಬಿದ್ದಾಗ ಒಮ್ಮೆ, ಹೆಲ್ಮೆಟ್ ಸಮೇತ ಸವಾರ ಕುಳಿತಾಗ ಒಮ್ಮೆ, ಇಬ್ಬರೂ ಕುಳಿತಾಗ ಇನ್ನೊಮ್ಮೆ. ಮೊದಲ ಅಳತೆಯಿಂದ ಉಳಿದವನ್ನು ಕಳೆದರೆ ಹಿಂಭಾಗ ಎಷ್ಟು ಕುಸಿಯುತ್ತದೆ ಎಂಬುದು ಗೊತ್ತಾಗುತ್ತದೆ. ಇದಕ್ಕೆ ಸ್ಯಾಗ್ ಎನ್ನುತ್ತಾರೆ. ಸವಾರ ಕುಳಿತಾಗ ಚಕ್ರದ ಒಟ್ಟು ಓಟದ, ಅಂದರೆ ಅದು ಮೇಲೆ ಕೆಳಗೆ ಆಡುವ ಅಂತರದ, ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಸಿದರೆ ಹದ.

ನನ್ನ ಬೈಕಿನ ಹಿಂದಿನ ಚಕ್ರದ ಓಟ ಹೆಚ್ಚುಕಡಿಮೆ 100 ಮಿಲಿಮೀಟರ್. ಬೈಕಿನ ಭಾರಕ್ಕೆ 8, ನಾನು ಕುಳಿತಾಗ 30, ಹೆಂಡತಿಯೂ ಕುಳಿತಾಗ 53. ಅಂದರೆ ಇಬ್ಬರೂ ಹತ್ತಿ ಇನ್ನೂ ಗೇಟು ದಾಟುವ ಮೊದಲೇ ಅರ್ಧಕ್ಕಿಂತ ಹೆಚ್ಚು ಓಟ ಖರ್ಚಾಗಿತ್ತು. ಉಳಿದ 47 ಮಿಲಿಮೀಟರಿನಲ್ಲಿ ಪರ್ಕಳದ ಗುಂಡಿಯನ್ನೂ ತಡೆದುಕೊಳ್ಳಬೇಕು, ಹಂಪ್‌ಗಳನ್ನೂ ತಡೆದುಕೊಳ್ಳಬೇಕು ಎಂದರೆ ಹೇಗೆ?

ಸ್ಪ್ರಿಂಗನ್ನು ಮೊದಲೇ ತುಸು ಅದುಮಿಡುವ ಪ್ರಿಲೋಡ್ ಮೆಟ್ಟಿಲನ್ನು ಕೊನೆಗೆ ಏರಿಸಿದರೆ ಮುಗಿಯಿತಲ್ಲ ಎಂದು ಗ್ಯಾರೇಜಿನವರು ಹೇಳುವುದುಂಟು. ಅದನ್ನೂ ಮಾಡಿದೆ. ಪ್ರಿಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕಿನ ಹಿಂಭಾಗ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಇಬ್ಬರಿಗೆ ಕುಸಿತ ಸರಿಯಾಯಿತು, ಆದರೆ ನಾನೊಬ್ಬನೇ ಹೊರಟಾಗ ಶಾಕ್ ಬಹುಮಟ್ಟಿಗೆ ಪೂರ್ತಿ ಚಾಚಿಕೊಂಡೇ ಇರುತ್ತಿತ್ತು. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲವನ್ನು ಹಿಂಬಾಲಿಸಲು ಜಾಗವೇ ಇಲ್ಲ. ಮೇಲಕ್ಕೆಸೆಯುವ ಕಾಟವಂತೂ ಹೆಚ್ಚಾಯಿತು, ಬಿಗಿದ ಸ್ಪ್ರಿಂಗನ್ನು ಹಿಡಿಯಲು ಅದೇ ದುರ್ಬಲ ಡ್ಯಾಂಪಿಂಗ್ ತಾನೇ ಇದ್ದುದು! ಆಗ ಖಾತ್ರಿಯಾಯಿತು: ನನಗೆ ಬೇಕಾದದ್ದು ತುಸು ಗಟ್ಟಿ ಸ್ಪ್ರಿಂಗ್ ಮತ್ತು ರಿಬೌಂಡ್ ಹೊಂದಿಸಲು ಬರುವ ಶಾಕ್.

ಬೈಕಿನ ಜೊತೆ ಬಂದದ್ದು ಎಣ್ಣೆಯೂ ಅನಿಲವೂ ಒಂದೇ ಕೊಳವೆಯಲ್ಲಿ ಬೆರೆತಿರುವ ಬಗೆಯದು. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಬಿಸಿಯಾಗಿ ನೊರೆಯೇಳುತ್ತದೆ, ನೊರೆಯೆದ್ದ ಎಣ್ಣೆಗೆ ತಡೆಯುವ ಶಕ್ತಿ ಕುಗ್ಗುತ್ತದೆ. ಉಡುಪಿ ಬಿಡುವಾಗ ಪರವಾಗಿಲ್ಲ ಎನಿಸುತ್ತಿದ್ದ ಬೈಕ್ ಸೋಮೇಶ್ವರ ತಲುಪುವ ಹೊತ್ತಿಗೆ ತೇಲಾಡುತ್ತಿದ್ದುದು ಇದಕ್ಕೇ. ಹೊಸದಾಗಿ ಆರಿಸಿದ್ದರಲ್ಲಿ ಪಕ್ಕಕ್ಕೆ ಅಂಟಿಕೊಂಡ ಸಣ್ಣ ಕೊಠಡಿಯಿದೆ. ಅದರಲ್ಲಿ ತುಂಬಿದ ನೈಟ್ರೋಜನ್ ಮತ್ತು ಎಣ್ಣೆಯ ನಡುವೆ ಜಾರುವ ಪಿಸ್ಟನ್ ಅಡ್ಡವಾಗಿ ನಿಂತು ಎರಡೂ ಬೆರೆಯದಂತೆ ತಡೆಯುತ್ತದೆ. ಜೋಡಿಗೆ 18,000 ರೂಪಾಯಿ ಕೊಟ್ಟೆ. ಸಣ್ಣ ಮೊತ್ತವಲ್ಲ. ಆದರೆ ಅಷ್ಟೇ ಹಣಕ್ಕೆ ಹೊಸ ಸೈಲೆನ್ಸರ್ ಹಾಕಿಸಿ ಊರಿಗೆಲ್ಲ ಸದ್ದು ಕೇಳಿಸುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಆರ್ಡರ್ ಮಾಡುವಾಗ ನನ್ನ ತೂಕ, ಹೆಂಡತಿಯ ತೂಕ, ಸಾಮಾನಿನ ಭಾರ ಎಲ್ಲವನ್ನೂ ಬರೆದು ಕಳಿಸಿದೆ, ಸ್ಪ್ರಿಂಗ್ ಆ ಲೆಕ್ಕಕ್ಕೇ ಬಂತು. ಉದ್ದದ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಲಿಲ್ಲ. ಮೇಲಿನ ಕಣ್ಣಿನ ಮಧ್ಯದಿಂದ ಕೆಳಗಿನ ಕಣ್ಣಿನ ಮಧ್ಯಕ್ಕೆ ಹಳೆಯದು ಎಷ್ಟಿತ್ತೋ ಹೊಸದೂ ಅಷ್ಟೇ. ಉದ್ದದ ಶಾಕ್ ಹಾಕಿದರೆ ಹಿಂಭಾಗ ಎದ್ದು ಮುಂದಿನ ಫೋರ್ಕ್ ಹೆಚ್ಚು ನೆಟ್ಟಗಾಗುತ್ತದೆ, ನೇರ ಹೆದ್ದಾರಿಯಲ್ಲಿ ಕ್ರೂಸರಿಗಿರುವ ನಿಶ್ಚಲತೆ ಕಡಿಮೆಯಾಗುತ್ತದೆ. ಮೇನ್ ಸ್ಟ್ಯಾಂಡಿಗೆ ಹಾಕಿದರೂ ಚಕ್ರ ನೆಲ ಬಿಡುವುದಿಲ್ಲ, ಸೈಡ್ ಸ್ಟ್ಯಾಂಡಿನಲ್ಲಿ ಬೈಕ್ ವಿಪರೀತ ವಾಲುತ್ತದೆ. ಗಿಡ್ಡವಾದರೆ ಟಯರ್ ಮಡ್‌ಗಾರ್ಡಿಗೆ ತಾಗುತ್ತದೆ. ಬೈಕ್ ತಗ್ಗಾಗಿ ಚೆನ್ನಾಗಿ ಕಾಣಲೆಂದು ಗಿಡ್ಡ ಶಾಕ್ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಇರುವ ಅಲ್ಪ ಓಟವನ್ನೂ ಅದು ಕಿತ್ತುಕೊಳ್ಳುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ, ಆದರೆ ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿ ಬೋಲ್ಟುಗಳನ್ನು ಬಿಡುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಟ್ಟೆ. ಬೆಳಗ್ಗೆ ಮೇನ್ ಸ್ಟ್ಯಾಂಡ್ ಹಾಕಿ, ಚಕ್ರದ ಕೆಳಗೆ ಹಲಗೆಯ ತುಂಡು ಸೇರಿಸಿದೆ. ಒಂದು ಬದಿಯನ್ನು ಬಿಚ್ಚಿ ಹೊಸದನ್ನು ಕೂರಿಸಿದ ನಂತರವೇ ಇನ್ನೊಂದಕ್ಕೆ ಕೈ ಹಾಕಬೇಕು, ಆಗ ಸ್ವಿಂಗ್ ಆರ್ಮ್ ಬೀಳದೆ ತನ್ನ ಜಾಗದಲ್ಲೇ ನಿಲ್ಲುತ್ತದೆ. ಬಲಗಡೆ ಸೈಲೆನ್ಸರ್, ಎಡಗಡೆ ಚೈನ್ ಕವರ್ ಮತ್ತು ಸಾರಿ ಗಾರ್ಡ್. ಪಕ್ಕದ ಕೊಠಡಿ ಇವಕ್ಕೆ ತಾಗದಂತೆ ನೋಡಿಕೊಳ್ಳಬೇಕಾದ್ದರಿಂದ ಸಾರಿ ಗಾರ್ಡಿನ ಕೆಳಗೊಂದು ವಾಷರ್ ಸೇರಿಸಿದೆ. ಬೋಲ್ಟುಗಳಿಗೆ ಗ್ರೀಸ್ ಸವರಿ ಕೈಯಿಂದ ತಿರುಗಿಸಿ ಬಿಟ್ಟೆ. ಕೊನೆಯ ಬಿಗಿತವನ್ನು ಚಕ್ರ ನೆಲಕ್ಕಿಳಿದು ಬೈಕಿನ ಭಾರ ಬಿದ್ದ ಮೇಲೆ, ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಕೊಟ್ಟೆ. ಚಕ್ರ ಗಾಳಿಯಲ್ಲಿರುವಾಗಲೇ ಬಿಗಿದರೆ ರಬ್ಬರ್ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಚೈನಿನ ಸಡಿಲ, ಹೆಡ್‌ಲೈಟಿನ ಬೆಳಕು ಬೀಳುವ ಎತ್ತರ ಎರಡನ್ನೂ ನೋಡಿಕೊಂಡೆ.

ಮತ್ತೆ ಅದೇ ಅಳತೆ. ಸ್ಪ್ರಿಂಗಿನ ಪ್ರಿಲೋಡ್ ಉಂಗುರ ತಿರುಗಿಸುತ್ತಾ ನಾನೊಬ್ಬನೇ ಕುಳಿತಾಗ 28ಕ್ಕೆ ನಿಲ್ಲಿಸಿದೆ, ಇಬ್ಬರಿಗೆ ಇನ್ನಷ್ಟು ಏರಿಸಿ 40. ಎರಡೂ ಬದಿಯ ಉಂಗುರ ಒಂದೇ ಮಟ್ಟದಲ್ಲಿರಬೇಕು. ಎರಡು ನೆಲೆಗಳಿಗೂ ಉಂಗುರದ ದಾರದ ಮೇಲೆ ಬಣ್ಣದ ಗುರುತು ಹಾಕಿದ್ದೇನೆ.

ಹೆಚ್ಚು ತಾಳ್ಮೆ ಬೇಡಿದ್ದು ರಿಬೌಂಡ್. ಸೀಟನ್ನು ಜೋರಾಗಿ ಅದುಮಿ ಬಿಟ್ಟರೆ ಒಮ್ಮೆ ಮೇಲೆದ್ದು ಅಲ್ಲೇ ನಿಲ್ಲಬೇಕು, ಕುಣಿಯಬಾರದು. ಅಂಗಳದಲ್ಲಿ ಇಷ್ಟು ಸಾಕು. ನಿಜವಾದ ಪರೀಕ್ಷೆ ಹೆದ್ದಾರಿ 66ರಲ್ಲಿ, ವೇಗ ತಗ್ಗಿಸಲೆಂದು ಸಾಲಾಗಿ ಬಳಿದ ದಪ್ಪ ಬಿಳಿ ಪಟ್ಟಿಗಳ ಮೇಲೆ. ರಿಬೌಂಡ್ ತೀರಾ ನಿಧಾನವಾಗಿದ್ದರೆ ಮೊದಲ ಪಟ್ಟಿಯಿಂದ ಶಾಕ್ ಮೇಲೇಳುವ ಮೊದಲೇ ಎರಡನೆಯದು ಬಡಿಯುತ್ತದೆ, ಹಾಗೇ ಕುಸಿಯುತ್ತಾ ಹೋಗಿ ನಾಲ್ಕನೆಯ ಪಟ್ಟಿಗೆ ಶಾಕ್ ಕಲ್ಲಾಗುತ್ತದೆ. ಆಗ ರಿಬೌಂಡ್ ಹೊಂದಿಸುವ ಗುಂಡಿಯನ್ನು ಎರಡು ಕ್ಲಿಕ್ ಸಡಿಲಿಸಬೇಕು. ಸಡಿಲ ಹೆಚ್ಚಾದರೆ ಘಾಟಿಯ ತಿರುವಿನಲ್ಲಿ ಹಿಂಭಾಗ ತೂಗಾಡಿ ತಿಳಿಸುತ್ತದೆ. ಓಟ ಎಷ್ಟು ಖರ್ಚಾಯಿತೆಂದು ತಿಳಿಯಲು ಶಾಕ್‌ನ ಹೊಳೆಯುವ ಸರಳಿಗೆ ತೆಳುವಾದ ಕೇಬಲ್ ಟೈ ಕಟ್ಟಿ, ಸರಳು ಒಳಹೋಗುವ ಕೊಳವೆಯ ಬಾಯಿಗೆ ತಾಗುವಂತೆ ತಳ್ಳಿಟ್ಟೆ. ಕುಗ್ಗಿದಾಗಲೆಲ್ಲ ಶಾಕ್ ಅದನ್ನು ಸರಿಸುತ್ತದೆ, ಮತ್ತೆ ಚಾಚಿದಾಗ ಅದು ಸರಿದಲ್ಲೇ ಉಳಿಯುತ್ತದೆ. ಹೆಬ್ರಿಗೆ ಇಬ್ಬರೂ ಹೋಗಿ ಇಳಿದು ಬಗ್ಗಿ ನೋಡಿದರೆ, ಕೊನೆಯ ರಬ್ಬರ್ ತಡೆಗೆ ಇನ್ನೂ ಬೆರಳಿನ ದಪ್ಪದಷ್ಟು ಜಾಗ ಉಳಿದಿತ್ತು. ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನೂ ಕರೆದು ತೋರಿಸಿದೆ. “ಬೆನ್ನು ನೋಯಲಿಲ್ಲ, ಅದು ಮೊದಲೇ ಗೊತ್ತಾಯಿತು” ಎಂದಳು.

ಬೈಕ್ ಸೋಫಾ ಆಗಿದೆ ಎಂದಲ್ಲ. ಸಣ್ಣ ಒರಟುತನ ಈಗಲೂ ತಿಳಿಯುತ್ತದೆ, ನಿಧಾನಗತಿಯಲ್ಲಿ ಹಳೆಯದಕ್ಕಿಂತ ತುಸು ಬಿಗಿಯೆಂದೇ ಹೇಳಬೇಕು. ತಳ ಮುಟ್ಟುವ ಸದ್ದು ಮತ್ತು ಎಸೆತ ಹೋಗಿವೆ. ಘಾಟಿಯ ತಿರುವಿನಲ್ಲಿ ಬ್ರೇಕ್ ಬಿಟ್ಟು ವಾಲಿಸುವಾಗ ಬೈಕ್ ಹಿಡಿದ ಗೆರೆಯನ್ನು ಬಿಡುವುದಿಲ್ಲ. ಇದನ್ನು ನಾನು ನಿರೀಕ್ಷಿಸಿಯೇ ಇರಲಿಲ್ಲ.

ಇನ್ನು ಉಪ್ಪಿನ ವಿಚಾರ. ಮಲ್ಪೆ, ಕಾಪು ಕಡೆ ಹೋಗಿ ಬಂದರೆ, ಮರವಂತೆಯಲ್ಲಿ ಕಡಲ ಬದಿ ನಿಲ್ಲಿಸಿದ್ದರೆ, ಅಂದೇ ಸಿಹಿನೀರಿನಲ್ಲಿ ಶಾಕ್ ತೊಳೆದು ಸರಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇನೆ. ಸರಳಿನ ಕ್ರೋಮ್ ಮೇಲೆ ತುಕ್ಕಿನ ಒಂದು ಚುಕ್ಕೆ ಎದ್ದರೂ ಅದು ಪ್ರತಿ ಸಲ ಆಯಿಲ್ ಸೀಲನ್ನು ಗೀರುತ್ತದೆ, ಆಮೇಲೆ ಎಣ್ಣೆ ಸೋರುತ್ತದೆ. ಒತ್ತಡದ ನೀರನ್ನು ಸೀಲಿಗೆ ನೇರವಾಗಿ ಹೊಡೆಯಲು ವಾಷಿಂಗ್ ಸೆಂಟರಿನವರಿಗೆ ಬಿಡುವುದಿಲ್ಲ. ಮಳೆಗಾಲಕ್ಕೆ ಮುನ್ನ ಉಂಗುರದ ದಾರಕ್ಕೆ ಗ್ರೀಸ್ ಹಚ್ಚುತ್ತೇನೆ, ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಅದು ತಿರುಗುವುದೇ ಇಲ್ಲ. ಹಳೆಯ ಜೋಡಿಯನ್ನು ಎಣ್ಣೆ ಸವರಿ, ಬೋಲ್ಟುಗಳ ಸಮೇತ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. ಹೊಸದನ್ನು ಬಿಚ್ಚಿ ಎಣ್ಣೆ, ಸೀಲ್ ಬದಲಿಸಲು ಕಳಿಸುವ ದಿನ ಬೈಕ್ ಓಡಲು ಅವು ಬೇಕಾಗುತ್ತವೆ.