ಚೀಲದ ಲೆಕ್ಕದಲ್ಲಿ ಉತ್ತರ ಅರ್ಧವೇ ಬರುತ್ತಿದ್ದರೆ

ಕೋಲಾರದ ಮನೆಯಲ್ಲಿ ಮಗಳಿಗೆ ಸಂಭವನೀಯತೆ ಹೇಳಿಕೊಡುವಾಗ ಎರಡು ವಾರ ಬಿಡಿಸಲಾಗದ ಲೆಕ್ಕವಿದು. ಚೀಲದಲ್ಲಿ 5 ಟೊಮೆಟೊ ಹಣ್ಣು, 3 ಕಾಯಿ. ನೋಡದೆ ಒಂದಾದ ಮೇಲೊಂದರಂತೆ ಎರಡನ್ನು ತೆಗೆಯಬೇಕು. ಮೊದಲನೆಯದನ್ನು ಮರಳಿ ಹಾಕುವಂತಿಲ್ಲ. ಒಂದು ಹಣ್ಣು, ಒಂದು ಕಾಯಿ ಬರುವ ಸಂಭವನೀಯತೆ ಎಷ್ಟು? ನಮಗೆ ಬರುತ್ತಿದ್ದುದು 5/8 × 3/7 = 15/56. ಸರಿಯುತ್ತರ 15/28.

ಎರಡೂ ಸಲ ಛೇದ 8 ಇಟ್ಟು ನೋಡಿದೆವು: 15/64, ಇನ್ನೂ ದೂರ. ‘ಎರಡೂ ಹಣ್ಣು, ಎರಡೂ ಕಾಯಿ, ಒಂದೊಂದು; ಮೂರೇ ದಾರಿ, ಹಾಗಾಗಿ 1/3’ ಎಂದಳು ಮಗಳು. ಆ ಮೂರೂ ಸಮತೂಕದ ದಾರಿಗಳಲ್ಲ.

ಕೊನೆಗೆ ಮಂಡಿಯಿಂದ ತಂದ ಎಂಟು ಟೊಮೆಟೊಗಳ ಮೇಲೆ ಸ್ಕೆಚ್ ಪೆನ್ನಿನಿಂದ 1ರಿಂದ 8 ಬರೆದೆ (ಒರೆಸಿ ಒಣಗಿಸದಿದ್ದರೆ ಶಾಯಿ ಹತ್ತುವುದಿಲ್ಲ). 6, 7, 8 ಕಾಯಿಗಳು. ಮೊದಲ ಸಲ 8 ಆಯ್ಕೆ, ಎರಡನೆಯ ಸಲ 7. ಒಟ್ಟು 56 ಜೋಡಿ. ಮಗಳು ಮೊದಲು 2, ಆಮೇಲೆ 7 ತೆಗೆದಳು. ಇನ್ನೊಮ್ಮೆ ಮೊದಲು 7, ಆಮೇಲೆ 2. ನಾವು ಬಿಟ್ಟಿದ್ದು ಈ ಎರಡನೆಯ ಕ್ರಮವನ್ನೇ. ಹಣ್ಣು-ಕಾಯಿ 5×3=15, ಕಾಯಿ-ಹಣ್ಣು 3×5=15; ಕೂಡಿದರೆ 30/56, ಅಂದರೆ 15/28.

ತಾಳೆ ನೋಡುವ ಬಗೆ: ಎರಡೂ ಹಣ್ಣು 20, ಎರಡೂ ಕಾಯಿ 6, ಒಂದೊಂದು 30, ಮೊತ್ತ 56 ಆಗಲೇಬೇಕು. ನಮ್ಮ ಹಳೆಯ 15 ಇಟ್ಟರೆ ಅದು 41ಕ್ಕೇ ನಿಲ್ಲುತ್ತದೆ.